ಇವತ್ತು ದೋಣಿ ಇಲ್ಲ

ಮಳೆಗಾಲ ಜೋರು ಹಿಡಿದ ದಿನಗಳಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಪಕ್ಕದಿಂದ ಇಳಿದು ತುಂಗಭದ್ರೆಯ ದಂಡೆಗೆ ಬಂದರೆ ವಿರೂಪಾಪುರಗಡ್ಡೆ ಎದುರಿಗೇ ಕಾಣುತ್ತದೆ. ಗದ್ದೆಯ ಹಸಿರು, ತೆಂಗಿನ ಮರಗಳು, ಅವುಗಳ ಹಿಂದೆ ಒಂದರ ಮೇಲೊಂದು ಕೂತ ಬಂಡೆಗಳು. ಬೇಸಿಗೆಯಲ್ಲಾದರೆ ಈಚೆ ದಡದಲ್ಲಿ ಕೂಗಿದ್ದು ಆಚೆ ದಡಕ್ಕೆ ಕೇಳುತ್ತದೆ. ಈಗ ಮಾತ್ರ ಹೋಗುವಂತಿಲ್ಲ. "ಇವತ್ತ ದೋಣಿ ಇಲ್ರೀ, ಡ್ಯಾಮಿನಿಂದ ನೀರು ಬಿಟ್ಟಾರ," ಎನ್ನುತ್ತಾರೆ ದಂಡೆಯವರು. ಇನ್ನುಳಿದದ್ದು ರಸ್ತೆ: ಕಮಲಾಪುರ, ಬುಕ್ಕಸಾಗರ, ಕಡೇಬಾಗಿಲು ಸೇತುವೆ, ಆನೆಗೊಂದಿ, ಸಾಣಾಪುರ. ಐದು ನಿಮಿಷದ ಹಾದಿಗೆ ಒಂದು ತಾಸಿನ ಸುತ್ತು.

ಕೊಪ್ಪಳ, ಗಂಗಾವತಿಯ ಮಕ್ಕಳಿಗೆ ಇದೇನೂ ಹೊಸದಲ್ಲ. ನವಬೃಂದಾವನಕ್ಕೆ ಹೊರಟವರು ಆನೆಗೊಂದಿಯ ದಂಡೆಯಿಂದಲೇ ಕೈಮುಗಿದು ವಾಪಸು ಬಂದದ್ದನ್ನೋ, ಕಂಪ್ಲಿ ಸೇತುವೆ ಮುಳುಗಿ ಬಸ್ಸು ಸುತ್ತು ಹಾಕಿದ್ದನ್ನೋ ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ದಾರಿ ಬಂದ್ ಆದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ದೊಡ್ಡವರಿಗೆ ಇನ್ನೂ ಜಾಸ್ತಿ. ಆದರೆ ಮುಚ್ಚಿದ ದಾರಿಯಲ್ಲಿ ಆ ಹೊತ್ತು ಏನು ನಡೆಯುತ್ತಿರುತ್ತದೆ ಎಂದು ಕೇಳುವವರು ಕಡಿಮೆ. ನಾವು ಕೇಳೋಣ.

ಮೊದಲು ನೀರಿನ ಲೆಕ್ಕ. ವಿರೂಪಾಪುರಗಡ್ಡೆಯಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಮೇಲ್ಗಡೆ, ಮುನಿರಾಬಾದ್ ಮತ್ತು ಹೊಸಪೇಟೆಯ ನಡುವೆ, ತುಂಗಭದ್ರಾ ಅಣೆಕಟ್ಟು ಇದೆ. ಅಲ್ಲಿಂದ ಹೊಳೆಗೆ ಬಿಡುವ ನೀರನ್ನು ಕ್ಯೂಸೆಕ್‌ನಲ್ಲಿ ಅಳೆಯುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಪತ್ರಿಕೆಯಲ್ಲಿ "1 ಲಕ್ಷ ಕ್ಯೂಸೆಕ್ ನೀರು ಹೊರಕ್ಕೆ" ಎಂದು ಓದಿದರೆ, ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಗಟ್ಟಲೆ ಲೀಟರ್ ನೀರು ಗೇಟು ದಾಟಿ ಹೋಯಿತು ಎಂದು ತಿಳಿಯಿರಿ. ಆ ನೀರು ಗಂಟೆಗೆ ಆರೇಳು ಕಿಲೋಮೀಟರ್ ಓಡಿದರೂ ಎರಡು ಮೂರು ಗಂಟೆಯಲ್ಲಿ ಗಡ್ಡೆಯ ಬಳಿ ಬಂದಿರುತ್ತದೆ.

ನೀರು ಹೆಚ್ಚಾದರೆ ದೋಣಿ ಇನ್ನೂ ಚೆನ್ನಾಗಿ ತೇಲಬೇಕಲ್ಲ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಿ. ತೇಲುತ್ತದೆ, ನಿಜ. ತೊಂದರೆ ಇರುವುದು ತೇಲುವುದರಲ್ಲಲ್ಲ, ತಳ್ಳುವುದರಲ್ಲಿ. ಹರಿವಿನ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಹುಟ್ಟು ಹಾಕುವ ಕೈ ಮಾತ್ರ ಅದೇ ಎರಡು ಕೈ. ಅದೂ ಅಲ್ಲದೆ ಇಲ್ಲಿ ಹೊಳೆಯ ತಳದಲ್ಲಿ ಎಲ್ಲೆಲ್ಲೂ ಬಂಡೆಗಳೇ. ಮುಳುಗಿದ ಬಂಡೆಗೆ ಬಡಿದ ನೀರು ಅದರ ಬೆನ್ನಿಗೆ ಹೋಗಿ ಸುಳಿ ಸುತ್ತುತ್ತದೆ. ಅಂಬಿಗರ ಹರಗೋಲಿಗೆ ಮುಂದು ಹಿಂದು ಎಂಬುದಿಲ್ಲ. ತಳ ಚಪ್ಪಟೆ, ಆಕಾರ ದುಂಡಗೆ. ಮೊಣಕಾಲುದ್ದದ ನಿಂತ ನೀರಿನಲ್ಲೂ ಅದು ಸಲೀಸಾಗಿ ಹೋಗುವುದು ಈ ಕಾರಣಕ್ಕೇ. ಸುಳಿಗೆ ಸಿಕ್ಕರೆ ಅದೇ ದುಂಡು ಅದಕ್ಕೆ ಮುಳುವು, ತಿರುಗತೊಡಗಿದ ಮೇಲೆ ನಿಲ್ಲಿಸುವುದು ಕಷ್ಟ.

2019ರ ಆಗಸ್ಟ್‌ನಲ್ಲಿ ಹೊಳೆ ಹೀಗೆ ಏರಿದಾಗ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ದೋಣಿಗಳಲ್ಲಿ, ಹೆಲಿಕಾಪ್ಟರ್‌ನಲ್ಲಿ ಹೊರಗೆ ತರಬೇಕಾಯಿತು. ಕಾಪಾಡಲು ಹೋದವರ ದೋಣಿಯೇ ಮಗುಚಿ, ಅವರನ್ನೂ ನೀರಿನಿಂದ ಎತ್ತಬೇಕಾಯಿತು. ತರಬೇತಿ ಪಡೆದವರ, ಯಂತ್ರವಿದ್ದ ದೋಣಿಯ ಗತಿಯೇ ಇದಾದರೆ ಹರಗೋಲನ್ನು ದಡಕ್ಕೆ ಕವುಚಿ ಹಾಕಿ ಕೂತ ಅಂಬಿಗರ ಲೆಕ್ಕ ಸರಿ ತಾನೇ?

ನೀರು ಇಳಿದ ಮೇಲೂ ದಾರಿ ತೆರೆಯದಿದ್ದಾಗ ಜನ ಇನ್ನೂ ಗೊಣಗುತ್ತಾರೆ. ಗಂಗಾವತಿ–ಕಂಪ್ಲಿ ನಡುವಿನ ಸೇತುವೆಯನ್ನೇ ನೋಡಿ. ಅದು ತಗ್ಗಿನ ಸೇತುವೆ. 2019ರಲ್ಲಿ, 2022ರಲ್ಲಿ ಹೊಳೆ ಅದರ ಮೇಲೇ ಹರಿಯಿತು. ನೀರು ಇಳಿದು ಸೇತುವೆ ಬಯಲಾದ ಕೂಡಲೇ ಬಸ್ಸು ಬಿಡಬಾರದೇಕೆ? ಮುರಿದ ಕಂಬಿ, ಕಿತ್ತ ರಸ್ತೆ ಎಲ್ಲರ ಕಣ್ಣಿಗೂ ಕಾಣುತ್ತವೆ. ಕಾಣದ ಕೆಲಸವೊಂದನ್ನು ಹೊಳೆ ಕೆಳಗೆ ಮಾಡಿರುತ್ತದೆ. ಸೇತುವೆಯ ಕಂಬಕ್ಕೆ ಬಡಿದ ನೀರು ಬುಡದ ಕಡೆಗೆ ಧುಮುಕಿ ಕಂಬದ ಸುತ್ತ ಮರಳನ್ನು ತೋಡುತ್ತದೆ. ಮೇಲೆ ಗಟ್ಟಿಯಾಗಿ ನಿಂತಂತೆ ಕಾಣುವ ಕಂಬಕ್ಕೆ ಕೆಳಗೆ ಆಸರೆ ಎಷ್ಟು ಉಳಿದಿದೆ ಎಂದು ನೋಡದೆ ಭಾರದ ಬಸ್ಸು ಬಿಡುವಂತಿಲ್ಲ. ಸಮುದ್ರ ತೀರದಲ್ಲಿ ನಿಂತು ಅಲೆ ವಾಪಸು ಹೋಗುವಾಗ ಅಂಗಾಲಿನ ಕೆಳಗಿನ ಮರಳು ಜಾರಿದ್ದು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲೂ ಇಲ್ಲೂ ಕೆಲಸ ಮಾಡುವ ನಿಯಮ ಒಂದೇ.

ಈಗ ಹೊಳೆ ಬಿಟ್ಟು ಗುಡ್ಡ ಹತ್ತೋಣ.

ವಿರೂಪಾಪುರಗಡ್ಡೆ, ಸಾಣಾಪುರ, ಆನೆಗೊಂದಿ, ಅಂಜನಾದ್ರಿ ಎಲ್ಲ ಕಡೆಯೂ ಕಾಣುವ ಬಂಡೆ ಗ್ರಾನೈಟ್, ಕನ್ನಡದಲ್ಲಿ ಕಣಶಿಲೆ. ಬೆಂಗಳೂರಿನ ಹತ್ತಿರದ ರಾಮನಗರದಿಂದ ಬಳ್ಳಾರಿ, ಕೊಪ್ಪಳದ ಕಡೆಗೆ ಉದ್ದಕ್ಕೆ ಹಬ್ಬಿದ ಗ್ರಾನೈಟ್ ಪಟ್ಟಿಯೊಂದರ ಭಾಗ ಇದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಭೂವಿಜ್ಞಾನಿಗಳು ಈ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ಕರಗಿದ ಶಿಲೆ ನಿಧಾನ ತಣಿದು ಆದದ್ದು. ಮೇಲಿದ್ದ ಮಣ್ಣು ಕಲ್ಲು ಸವೆದು ಹೋದಂತೆ ಮೇಲಿನ ಭಾರ ಇಳಿಯಿತು, ಗ್ರಾನೈಟ್ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿಯಿತು. ಹಗಲಿನ ಬಿಸಿಲು, ರಾತ್ರಿಯ ತಂಪು ಸೇರಿ ಕಲ್ಲಿನ ಹೊರಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳತೊಡಗಿತು. ಮೂಲೆ ಎಲ್ಲ ಮೊದಲು ಸವೆದು ಬಂಡೆ ದುಂಡಗಾಯಿತು. ಹಂಪಿಯ ಸುತ್ತ ಯಾರೋ ಎತ್ತಿಟ್ಟ ಹಾಗೆ ಕಾಣುವ ಗುಂಡುಗಳನ್ನು ಯಾರೂ ಎತ್ತಿಟ್ಟಿಲ್ಲ. ಸುತ್ತಲಿನ ಪುಡಿ ಮಳೆಗೆ ತೊಳೆದು ಹೋಗಿ ಅವು ಮಾತ್ರ ಉಳಿದಿವೆ. ತೊಳೆದು ಹೋದ ಪುಡಿಯೇ ಕೆಳಗಿನ ಮಸಾರಿ ಹೊಲದ ಕೆಂಪು ಮಣ್ಣು.

ಅಂದರೆ ಗುಡ್ಡ ತಾನೇ ತಾನಾಗಿ ಸವೆಯುತ್ತಲೇ ಇದೆ. ಮನುಷ್ಯ ಮುಟ್ಟದಿದ್ದರೂ ಸವೆಯುತ್ತದೆ. ನಮ್ಮ ಕಾಲು ಆ ಕೆಲಸವನ್ನು ಅವಸರ ಮಾಡಿಸುತ್ತದೆ, ಅಷ್ಟೇ. ಹೇಗೆ ಅಂದರೆ, ಒಳ್ಳೆಯ ಮಣ್ಣಿನ ಒಟ್ಟು ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿ ಜಾಗ. ಕಣಗಳ ನಡುವಿನ ಆ ಸಂದಿಯಲ್ಲಿ ಗಾಳಿ ಇರುತ್ತದೆ, ನೀರಿರುತ್ತದೆ, ಎರೆಹುಳ ಓಡಾಡುತ್ತದೆ, ಬೇರು ದಾರಿ ಮಾಡಿಕೊಳ್ಳುತ್ತದೆ. ಅದರ ಮೇಲೆ ಸಾವಿರ ಜನ ನಡೆದರೆ ಸಂದಿ ಮುಚ್ಚುತ್ತದೆ. ಮಳೆ ಬಂದಾಗ ನೀರಿಗೆ ಕೆಳಗೆ ಇಳಿಯಲು ಜಾಗವಿಲ್ಲ, ಹಾಗಾಗಿ ಮೇಲೇ ಓಡುತ್ತದೆ. ಗುಡ್ಡದ ಮೇಲಿಂದ ನೇರ ಕೆಳಗೆ ಇಳಿಯುವ ಕಾಲುದಾರಿ ಮಳೆನೀರಿಗೆ ಸಿದ್ಧವಾಗಿಟ್ಟ ಕಾಲುವೆ.

ಓಡುವ ನೀರಿನ ಶಕ್ತಿ ಎಷ್ಟು ಬೇಗ ಬೆಳೆಯುತ್ತದೆ ಎಂಬ ಲೆಕ್ಕ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ತಳ್ಳುವ ಬಲ ನಾಲ್ಕು ಪಟ್ಟು ಎಂದು ಆಗಲೇ ನೋಡಿದೆವು. ನೀರು ಉರುಳಿಸಬಲ್ಲ ಅತಿ ದೊಡ್ಡ ಕಲ್ಲಿನ ತೂಕದ ಲೆಕ್ಕ ಅದಕ್ಕಿಂತ ಬೆರಗಿನದು. ವೇಗ ಎರಡು ಪಟ್ಟಾದರೆ ಆ ತೂಕ 64 ಪಟ್ಟಾಗುತ್ತದೆ. ನಿಧಾನ ಹರಿಯುವಾಗ 10 ಗ್ರಾಂ ಹರಳನ್ನು ಸರಿಸುತ್ತಿದ್ದ ನೀರು, ವೇಗ ಇಮ್ಮಡಿಯಾದರೆ ಅರ್ಧ ಕಿಲೋಗಿಂತ ಭಾರದ ಕಲ್ಲನ್ನು ಉರುಳಿಸುತ್ತದೆ. ಒಂದೇ ಮಳೆಗಾಲದಲ್ಲಿ ಕಾಲುದಾರಿಯೊಂದು ಮೊಣಕಾಲುದ್ದದ ಕೊರಕಲಾಗುವುದು ಹೀಗೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲು ತುಳಿಯುತ್ತಾರೆ. ಅಲ್ಲಿ ಇನ್ನೊಂದು ದಾರಿ, ಅದರಲ್ಲಿ ಇನ್ನೊಂದು ಕೊರಕಲು. ಒಬ್ಬರು ನಡೆಯುವಷ್ಟಿದ್ದ ಹಾದಿ ಬಂಡಿ ಹೋಗುವಷ್ಟು ಅಗಲವಾಗುತ್ತದೆ, ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣು ಹೊಳೆ ಸೇರುತ್ತದೆ.

ಇದನ್ನು ಸರಿ ಮಾಡುವ ಉಪಾಯ ನಿಮ್ಮ ಹೊಲದಲ್ಲೇ ಇದೆ. ಇಳಿಜಾರಿನ ಹೊಲದಲ್ಲಿ ಅಪ್ಪ ಅಡ್ಡಕ್ಕೆ ಬದು ಹಾಕುವುದಿಲ್ಲವೆ? ಗುಡ್ಡದ ಹಾದಿಗೂ ಅದೇ ಮದ್ದು. ಹಾದಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲಿನ ಸಾಲು ಹೂಳುತ್ತಾರೆ. ಓಡಿ ಬಂದ ನೀರು ಅದಕ್ಕೆ ತಾಗಿ ಪಕ್ಕದ ಹುಲ್ಲಿಗೆ ತಿರುಗುತ್ತದೆ. ಹಾದಿಯ ಮೇಲೆ ಅದು ವೇಗ ಪಡೆಯುವ ಮೊದಲೇ ಪಕ್ಕಕ್ಕೆ ಇಳಿಸಿಬಿಡುವುದು ಇದರ ಗುಟ್ಟು. ತೀರಾ ಕಡಿದಾದ ಕಡೆ ಮೆಟ್ಟಿಲು ಕಟ್ಟುತ್ತಾರೆ. ಅಂಜನಾದ್ರಿಗೆ ಇರುವ 575 ಮೆಟ್ಟಿಲು ಭಕ್ತರ ಮೊಣಕಾಲಿಗಷ್ಟೇ ಅನುಕೂಲವಲ್ಲ, ಗುಡ್ಡಕ್ಕೂ ಅನುಕೂಲ. ಮೆಟ್ಟಿಲಿದ್ದರೆ ಎಲ್ಲರ ಕಾಲೂ ಒಂದೇ ಸಾಲಿನಲ್ಲಿ ಬೀಳುತ್ತವೆ, ಉಳಿದ ಮಣ್ಣು ತನ್ನ ಪಾಡಿಗೆ ಇರುತ್ತದೆ.

ಸರಿ, ಕೆಲಸ ಮಾಡುವಾಗ ಮುಚ್ಚಲಿ. ಕೆಲಸದವರು ಹೋಗಿ ವಾರವಾದರೂ ಹಗ್ಗ ಕಟ್ಟಿಯೇ ಇದ್ದರೆ? ಅಲ್ಲಿ ಇನ್ನೊಬ್ಬ ಕೆಲಸಗಾರನ ಪಾಳಿ ನಡೆದಿರುತ್ತದೆ, ಅವನ ಹೆಸರು ರಸಾಯನ ಕ್ರಿಯೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಸೂಕ್ಷ್ಮ ಹರಳುಗಳಾಗಿ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಒಣಗಿಬಿಟ್ಟರೆ ಆ ಬೆಳವಣಿಗೆ ನಿಲ್ಲುತ್ತದೆ. ಹೊಸ ಕಟ್ಟಡಕ್ಕೆ ಗೋಣಿಚೀಲ ಹೊದಿಸಿ ದಿನಾ ನೀರು ಹಾಕುವುದನ್ನು ನೋಡಿದ್ದೀರಲ್ಲ, ಕಾರಣ ಇದು. ಕಾಂಕ್ರೀಟು ಏಳು ದಿನಕ್ಕೆ ತನ್ನ ಬಲದ ಸುಮಾರು ಮೂರನೇ ಎರಡು ಭಾಗ ಪಡೆಯುತ್ತದೆ. ಎಂಜಿನಿಯರುಗಳು ಪರೀಕ್ಷೆಗೆ ಲೆಕ್ಕ ಹಿಡಿಯುವುದು 28ನೇ ದಿನದ ಬಲವನ್ನು. ಹಳೆಯ ಗುಡಿ, ಮಂಟಪಗಳಲ್ಲಿ ಬಳಸುತ್ತಿದ್ದ ಸುಣ್ಣದ ಗಾರೆ ಇನ್ನೂ ನಿಧಾನಿ. ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗಬೇಕು, ಅದಕ್ಕೆ ತಿಂಗಳುಗಳೇ ಬೇಕು. ಆದ್ದರಿಂದ "ಯಾರೂ ಕೆಲಸ ಮಾಡ್ತಾ ಇಲ್ಲ, ಸುಮ್ನೆ ಮುಚ್ಯಾರ" ಎಂದು ಹಗ್ಗ ದಾಟುವವರು ಅರ್ಧ ಬೆಂದ ಅಡುಗೆಗೆ ಕೈ ಹಾಕುವವರು.

ನಮ್ಮ ರಾಜ್ಯದಲ್ಲೇ ಹೀಗೆ ಮುಚ್ಚಿ ತೆರೆದ ದಾರಿಗಳಿವೆ. 2021ರ ಆಗಸ್ಟ್ 24ರ ರಾತ್ರಿ ಜೋರು ಮಳೆಗೆ ನಂದಿ ಬೆಟ್ಟದ ರಸ್ತೆಯ ಮೇಲೆ ಮಣ್ಣು, ಮರ, ಬಂಡೆ ಒಟ್ಟಿಗೆ ಕುಸಿದವು. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತವೂ ಸಡಿಲವಾಗುತ್ತದೆ. ಇಳಿಜಾರಿನಲ್ಲಿ ಇವೆರಡೂ ಒಟ್ಟಿಗೆ ಆದರೆ ಗುಡ್ಡ ಜಾರುತ್ತದೆ. ಬೆಟ್ಟ ಮತ್ತೆ ಪ್ರವಾಸಿಗರಿಗೆ ತೆರೆದದ್ದು ಡಿಸೆಂಬರ್ 1ಕ್ಕೆ. 2025ರ ಮಾರ್ಚ್ 24ರಿಂದ ಏಪ್ರಿಲ್ 25ರವರೆಗೆ ಅದೇ ಬೆಟ್ಟವನ್ನು ರಸ್ತೆ ದುರಸ್ತಿಗೆಂದು ಮತ್ತೆ ಮುಚ್ಚಿದರು. ಈ ಸಲ ಜಾಣತನದಿಂದ ಸೋಮವಾರದಿಂದ ಶುಕ್ರವಾರ ಮಾತ್ರ ಬಂದ್, ಶನಿವಾರ ಭಾನುವಾರ ತೆರೆದಿತ್ತು. ಜೋಗ ಜಲಪಾತವನ್ನೂ ಅದೇ ವರ್ಷ ಜನವರಿ 1ರಿಂದ ಪ್ರವೇಶದ್ವಾರದ ಕಾಮಗಾರಿಗೆ ಮುಚ್ಚಿದ್ದರು. ಸುಬ್ರಹ್ಮಣ್ಯದ ಹತ್ತಿರದ ಕುಮಾರ ಪರ್ವತದ ಹಾದಿ ಬೇಸಿಗೆಯಲ್ಲಿ ಬಂದ್ ಆಗುವುದು ಬೇರೆ ಕಾರಣಕ್ಕೆ. ಒಣ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಅರಣ್ಯ ಇಲಾಖೆಯವರು ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟದಂತೆ ಹುಲ್ಲು ತೆಗೆದು ಬೋಳು ಪಟ್ಟಿ ಬಿಡುತ್ತಾರೆ, ಅದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ.

ದೂರದ ಪೆರು ದೇಶದಲ್ಲಿ ಮಾಚುಪಿಚು ಎಂಬ ಹಳೆಯ ನಗರಕ್ಕೆ ಹೋಗುವ ಇಂಕಾ ಜನರ ಕಾಲುದಾರಿ ಇದೆ. ನಮ್ಮ ಹಂಪಿಯ ಹಾಗೆ ಅದೂ ವಿಶ್ವ ಪರಂಪರೆಯ ತಾಣ. ಆ ದಾರಿಯನ್ನು ಪ್ರತಿ ವರ್ಷ ಫೆಬ್ರವರಿ ತಿಂಗಳಿಡೀ ಮುಚ್ಚುತ್ತಾರೆ. ಅಲ್ಲಿ ಮಳೆ ಬಲವಾಗಿ ಹೊಡೆಯುವ ಕಾಲ ಅದು. ಅದೇ ತಿಂಗಳಲ್ಲಿ ಕಲ್ಲಿನ ಮೆಟ್ಟಿಲು ಸರಿಪಡಿಸುತ್ತಾರೆ, ಕಸ ಎತ್ತುತ್ತಾರೆ. ಯಾವ ತಿಂಗಳು ಬಂದ್ ಎಂದು ಎಲ್ಲರಿಗೂ ಮೊದಲೇ ಗೊತ್ತು, ಆದ್ದರಿಂದ ಜಗಳವಿಲ್ಲ. ನನಗೆ ಇದು ಬಹಳ ಹಿಡಿಸಿತು. ಒಡೆದ ಮೇಲೆ ಮುಚ್ಚುವುದಕ್ಕಿಂತ ಒಡೆಯುವ ಮೊದಲು ಮುಚ್ಚುವುದು ಮೇಲು, ಖರ್ಚೂ ಕಡಿಮೆ. ಥಾಯ್ಲೆಂಡಿನ ಮಾಯಾ ಕೊಲ್ಲಿಯಲ್ಲಿ ಇನ್ನೂ ಮುಂದೆ ಹೋದರು. ಪ್ರವಾಸಿ ದೋಣಿಗಳಿಂದ ಹವಳ ಹಾಳಾಯಿತೆಂದು 2018ರಲ್ಲಿ ಮುಚ್ಚಿದವರು 2022ರ ಜನವರಿಯವರೆಗೆ ತೆರೆಯಲಿಲ್ಲ. ಅಷ್ಟರಲ್ಲಿ ಹವಳ ನೆಟ್ಟು ಬೆಳೆಸಿದರು, ಕಪ್ಪು ತುದಿಯ ರೆಕ್ಕೆಯ ಚಿಕ್ಕ ಶಾರ್ಕುಗಳು ತಾವಾಗಿ ತಿರುಗಿ ಬಂದವು.

ನಮ್ಮ ಹೊಳೆಯಲ್ಲಿ ಶಾರ್ಕ್ ಇಲ್ಲ, ನೀರುನಾಯಿ ಇದೆ. ನಾಯಿಯ ಜಾತಿಯಲ್ಲ, ಮೀನು ಹಿಡಿದು ತಿನ್ನುವ, ಮನೆಮಂದಿಯೆಲ್ಲ ಒಟ್ಟಿಗೆ ಓಡಾಡುವ ಚುರುಕು ಪ್ರಾಣಿ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಸಾರಿದರು. ವಿರೂಪಾಪುರಗಡ್ಡೆ ಇರುವುದು ಇದೇ ಭಾಗದಲ್ಲಿ. ನೀರುನಾಯಿ ಮರಿ ಹಾಕುವುದು ದಂಡೆಯ ಬಿಲದಲ್ಲಿ, ಬಂಡೆಯ ಸಂದಿಯಲ್ಲಿ. ನಮಗೆ ಫೋಟೊ ತೆಗೆಯಲು ಚಂದ ಕಾಣುವ ಬಂಡೆ ಅದಕ್ಕೆ ಬಾಣಂತಿಯ ಕೋಣೆ. 

ಇಷ್ಟು ಹೊತ್ತು ನಾವು ಕಾಲುದಾರಿಯ ಮಾತಾಡಿದೆವು. ಕೊಪ್ಪಳ ಜಿಲ್ಲೆ ಕಂಡ ದೊಡ್ಡ ದುರಸ್ತಿ ಕಾಲುದಾರಿಯದಲ್ಲ, ನೀರಿನ ದಾರಿಯದು. ಎರಡಕ್ಕೂ ನಂಟಿದೆ. ಗುಡ್ಡ, ಹೊಲ, ಹಾದಿಯಿಂದ ತೊಳೆದ ಮಣ್ಣು ಹೊಳೆಯಲ್ಲಿ ಹರಿದು ಅಣೆಕಟ್ಟಿನ ನಿಂತ ನೀರಿಗೆ ಬಂದಾಗ ವೇಗ ಕಳೆದುಕೊಂಡು ತಳಕ್ಕೆ ಕೂರುತ್ತದೆ. ಅದೇ ಹೂಳು. ತುಂಗಭದ್ರಾ ಜಲಾಶಯ 1953ರಲ್ಲಿ ಶುರುವಾದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105.8 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2,831 ಕೋಟಿ ಲೀಟರ್. ಕಡಿಮೆಯಾದ 27 ಟಿಎಂಸಿಯ ಜಾಗದಲ್ಲಿ ಈಗ ಮಣ್ಣು ಕೂತಿದೆ.

ಅಣೆಕಟ್ಟಿನ ಗೋಡೆಯ ನೆತ್ತಿಯ ಮೇಲೆ 33 ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ತುಂಬಿದಾಗ ಒಂದು ಗೇಟಿನ ಮೇಲೆ ನೀರು ಎಷ್ಟು ಒತ್ತುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಅಗಲ ಸುಮಾರು 18 ಮೀಟರ್, ಎತ್ತರ ಸುಮಾರು 6 ಮೀಟರ್, ಗುಣಿಸಿದರೆ 108 ಚದರ ಮೀಟರ್. ಮೇಲ್ತುದಿಯಲ್ಲಿ ನೀರಿನ ಒತ್ತಡ ಸೊನ್ನೆ, ಕೆಳತುದಿಯಲ್ಲಿ 6 ಮೀಟರ್ ನೀರಿನ ಒತ್ತಡ. ಸರಾಸರಿ ತೆಗೆದರೆ 3 ಮೀಟರ್. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. 108 × 3, ಅಂದರೆ 324 ಟನ್. ಇಷ್ಟು ಭಾರವನ್ನು ಗೇಟು ಹಗಲೂ ರಾತ್ರಿ ಹೊತ್ತಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿಯ ಕೊಂಡಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಲೀಟರ್ ನೀರು ನುಗ್ಗಿತು. ಒತ್ತಡ ಇಳಿಸಲು ಎಲ್ಲ ಗೇಟುಗಳನ್ನೂ ತೆರೆದರು. ಹಳೆಯ ಕಬ್ಬಿಣವನ್ನು ಕಾಡುವುದು ತುಕ್ಕು ಒಂದೇ ಅಲ್ಲ, ದಣಿವೂ ಕಾಡುತ್ತದೆ. ತೆಳು ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಮೊದಮೊದಲು ಏನೂ ಆಗುವುದಿಲ್ಲ, ಆಮೇಲೆ ಪಟ್ಟನೆ ಮುರಿಯುತ್ತದೆ. ಪ್ರತಿ ಸಲ ಬಾಗಿಸಿದಾಗಲೂ ಒಳಗೆ ಕಣ್ಣಿಗೆ ಕಾಣದ ಬಿರುಕು ಒಂದಿಷ್ಟು ಬೆಳೆದಿರುತ್ತದೆ. ಲೋಹದ ದಣಿವು ಎಂದರೆ ಇದೇ.

ಆಗ ಬಂದವರು ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು. ನೀರು ಪೂರ್ತಿ ಇಳಿಯುವವರೆಗೆ ಕಾದರೆ ರೈತರ ಬೆಳೆಗೆ ನೀರೇ ಉಳಿಯುತ್ತಿರಲಿಲ್ಲ. ಹಾಗಾಗಿ ಗೇಟನ್ನು ಅಡ್ಡ ತುಂಡುಗಳಾಗಿ ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಐದು ತುಂಡುಗಳು ಸೇರಿ ಆಗಸ್ಟ್ 17ಕ್ಕೆ ಕಿಂಡಿ ಮುಚ್ಚಿತು. ಕಾಲ ಕೆಳಗೆ ಹೊಳೆ ಧುಮುಕುತ್ತಿರುವಾಗ ಕಬ್ಬಿಣದ ಮೇಲೆ ನಿಂತು ಕೆಲಸ ಮಾಡಿದ ಕಾರ್ಮಿಕರಿಗೆ ಇಡೀ ಸೀಮೆ ಚಪ್ಪಾಳೆ ಹೊಡೆಯಿತು.

ಅದು ತಾತ್ಕಾಲಿಕ ಮುಚ್ಚಳವಾಗಿತ್ತು. ಉಳಿದ 32 ಗೇಟುಗಳಿಗೂ ಕೊಚ್ಚಿಹೋದ ಗೇಟಿನಷ್ಟೇ ವಯಸ್ಸಾಗಿತ್ತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಲು ಆ 324 ಟನ್ ಬೆನ್ನ ಮೇಲಿರಬಾರದು, ನೀರು ಗೇಟಿನ ಬುಡಕ್ಕಿಂತ ಕೆಳಗೆ ಇಳಿಯಬೇಕು. ಅದಕ್ಕೇ 2025ರ ಮಳೆಗಾಲದಲ್ಲಿ ಜಲಾಶಯವನ್ನು ತುಂಬಿಸದೆ 80 ಟಿಎಂಸಿಯ ಆಸುಪಾಸಿಗೆ ನಿಲ್ಲಿಸಿದರು, ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನಿಸಿದರು. ಭತ್ತದ ಕಣಜ ಎನಿಸಿದ ಗಂಗಾವತಿ, ಕಾರಟಗಿಯ ಕಡೆ ಎರಡನೇ ಬೆಳೆ ಇಲ್ಲ ಎಂದರೆ ಮನೆಯ ಸಂತೆ, ಶಾಲೆಯ ಫೀಸು, ಕೂಲಿಯವರ ದಿನಗೂಲಿ ಎಲ್ಲದಕ್ಕೂ ಪೆಟ್ಟು. ದುರಸ್ತಿಗೆ ಬೆಲೆ ಇದೆ, ಅದನ್ನು ತೆತ್ತವರು ರೈತರು ಮತ್ತು ಕೂಲಿಕಾರರು. ಇದನ್ನು ಮಕ್ಕಳಿಗೆ ಹೇಳದೆ ಬರೀ ಗೇಟಿನ ಎತ್ತರ ಅಗಲ ಹೇಳಿದರೆ ವಿಜ್ಞಾನವೂ ಅರ್ಧವಾಗುತ್ತದೆ.

ನನ್ನದೊಂದು ತಕರಾರೂ ಇದೆ. ನಮ್ಮಲ್ಲಿ ಮುಚ್ಚಿದ ದಾರಿಗೆ ಹಾಕುವ ಫಲಕದಲ್ಲಿ "ಪ್ರವೇಶ ನಿಷೇಧ" ಎಂದಷ್ಟೇ ಇರುತ್ತದೆ. ಯಾಕೆ ಮುಚ್ಚಿದೆ, ಯಾವಾಗ ತೆರೆಯುತ್ತದೆ, ಬೇರೆ ದಾರಿ ಯಾವುದು ಎಂಬ ಮೂರು ಸಾಲು ಬರೆದರೆ ಎಷ್ಟೋ ಜನ ಹಗ್ಗ ದಾಟುವುದಿಲ್ಲ. ಕಾರಣ ತಿಳಿದವರು ಕಾಯುತ್ತಾರೆ. ನಿಮ್ಮೂರಿನಲ್ಲಿ ಅಂಥ ಫಲಕ ಕಂಡರೆ ಗ್ರಾಮ ಪಂಚಾಯಿತಿಗೆ ಒಂದು ಪತ್ರ ಬರೆಯಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಗೆ, ಮನೆಯಲ್ಲಿ ಮಾಡುವ ಒಂದು ಪ್ರಯೋಗ. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ತಳಕ್ಕೆ ಸಮನಾಗಿ ಸಣ್ಣ ತೂತು ಮಾಡಿ. ತೂತು ಕೊರೆಯಲು ದೊಡ್ಡವರ ನೆರವು ಪಡೆಯಿರಿ. ಎರಡಕ್ಕೂ ಒಂದೇ ಮಣ್ಣು ತುಂಬಿ. ಒಂದರಲ್ಲಿ ಮಣ್ಣು ಸಡಿಲವಾಗಿಯೇ ಇರಲಿ, ಇನ್ನೊಂದರಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಟ್ಟಿ ಮಾಡಿ. ಎರಡಕ್ಕೂ ಒಂದೊಂದು ಲೋಟ ನೀರು ಹಾಕಿ, ಕೆಳಗಿನಿಂದ ಮೊದಲ ಹನಿ ಬೀಳಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಕುಷ್ಟಗಿಯವರು ಮಸಾರಿ ಮಣ್ಣಿನಲ್ಲಿ, ಯಲಬುರ್ಗಿಯವರು ಎರೆ ಮಣ್ಣಿನಲ್ಲಿ, ಗಂಗಾವತಿಯವರು ಗದ್ದೆ ಮಣ್ಣಿನಲ್ಲಿ ಮಾಡಿ ನೋಡಿ. ಎರೆ ಮಣ್ಣಿನವರಿಗೆ ಒಂದು ಸುಳಿವು: ನಿಮ್ಮ ಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಊದುತ್ತದೆ. ಆದ್ದರಿಂದ ಒಣ ಮಣ್ಣಿನಲ್ಲಿ ಒಮ್ಮೆ, ಹಸಿ ಮಣ್ಣಿನಲ್ಲಿ ಒಮ್ಮೆ ಮಾಡಿ, ಎರಡೂ ಉತ್ತರಗಳನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.